ದಾದಾಭಾಯಿ ನವರೋಜಿಯವರು ಇಟ್ಟ ಲೆಕ್ಕ

ಸ್ಮರಣ ಸಂಚಿಕೆಗಳಲ್ಲಿ ಮಹನೀಯರ ಚರಿತ್ರೆಯನ್ನು ಬರೆಯುವವರು ರಾಜರನ್ನೋ ಭಕ್ತರನ್ನೋ ದಂಡನಾಯಕರನ್ನೋ ಆರಿಸಿಕೊಳ್ಳುವುದು ವಾಡಿಕೆ. ನಾವು ಈ ಸಾರಿ ಗಣಿತದ ಉಪಾಧ್ಯಾಯರೊಬ್ಬರನ್ನು ಆರಿಸಿಕೊಂಡಿದ್ದೇವೆ. ನಮ್ಮ ಹುಡುಗಿಯರು ಲೆಕ್ಕವೆಂದರೆ ಮುಖ ತಿರುಗಿಸುತ್ತಾರೆಂದೂ, ಹೆಣ್ಣುಮಕ್ಕಳಿಗೆ ಅಷ್ಟು ಲೆಕ್ಕವಾದರೂ ಏತಕ್ಕೆಂದೂ ತಾಯಂದಿರು ಬಂದು ಕೇಳುವುದುಂಟು. ಆಂಗ್ಲೇಯರ ದೊರೆತನದಲ್ಲಿ ಭಾರತದ ಜನರು ಬಡವರಾಗಿರಲು ಕಾರಣವೇನೆಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಅದನ್ನು ಕೂಡಿಸಿ ಕಳೆದು ಗುಣಿಸಿ ನೋಡಿ, ಬಂದ ಉತ್ತರವನ್ನು ಆ ಆಂಗ್ಲೇಯರ ಎದುರಿನಲ್ಲಿಯೇ ನಿಂತು ನಲವತ್ತು ವರ್ಷಗಳ ಕಾಲ ಓದಿ ಹೇಳಿದ ದಾದಾಭಾಯಿ ನವರೋಜಿಯವರ ಜೀವಿತವನ್ನು ಆ ತಾಯಂದಿರೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಓದಬೇಕೆಂದು ನಮ್ಮ ಆಶೆ.

ದಾದಾಭಾಯಿಯವರು 1825ನೆಯ ಇಸವಿ ಸೆಪ್ಟೆಂಬರ್ 4ನೆಯ ತಾರೀಖಿನಲ್ಲಿ ಪಾರಸಿ ಪುರೋಹಿತರ ಬಡ ಕುಟುಂಬವೊಂದರಲ್ಲಿ ಜನಿಸಿದರು. ನಾಲ್ಕು ವರ್ಷದ ಶಿಶುವಾಗಿದ್ದಾಗಲೇ ತಂದೆ ತೀರಿಹೋದರು. ತಾಯಿ ಮಾಣೆಕ್‌ಬಾಯಿಗೆ ಓದುಬರಹ ಬಾರದು. ಆದರೂ ಒಬ್ಬನೇ ಮಗನನ್ನು ಓದಿಸಿಯೇ ತೀರಬೇಕೆಂದು ಆಕೆ ಹಟ ತೊಟ್ಟರು. ಬೊಂಬಾಯಿಯಲ್ಲಿ ಆಗ ವಿದ್ಯಾಪ್ರಸಾರಕ್ಕಾಗಿ ಒಂದು ಸಂಘವು ನಡಸುತ್ತಿದ್ದ ಶಾಲೆಯಲ್ಲಿ ಸಂಬಳವಿರಲಿಲ್ಲ. ಸಂಬಳವಿದ್ದಿದ್ದರೆ ಈ ಹುಡುಗನು ಅಲ್ಲಿಗೆ ಕಾಲಿಡುವಂತೆಯೇ ಇರಲಿಲ್ಲ. ಬಡವರು ಕೊಟ್ಟ ತೆರಿಗೆಯ ಹಣದಿಂದ ತಾನು ವಿದ್ಯಾವಂತನಾದನಾದ ಕಾರಣ ಆ ವಿದ್ಯೆಯು ಬಡವರಿಗೇ ಸಲ್ಲತಕ್ಕದ್ದೆಂಬ ಭಾವನೆಯು ಅವರಲ್ಲಿ ಚಿಕ್ಕಂದಿನಲ್ಲಿಯೇ ಬೇರೂರಿತೆಂದು ಅವರು ಮುಪ್ಪಿನಲ್ಲಿ ನೆನೆದುಕೊಂಡಿದ್ದಾರೆ. ಆ ಕಾಲದ ಪದ್ಧತಿಯಂತೆ ಹನ್ನೊಂದನೆಯ ವಯಸ್ಸಿನಲ್ಲಿ ಅವರಿಗೆ ವಿವಾಹವಾಯಿತು. ವಧುವಾದ ಗುಲ್‌ಬಾಯಿಗೆ ಏಳು ವರ್ಷ.

ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಈ ಯುವಕನ ಬುದ್ಧಿಯನ್ನು ಕಂಡು ಮೆಚ್ಚಿದವರಲ್ಲಿ ನ್ಯಾಯಾಧೀಶರಾದ ಸರ್ ಅರ್ಸ್ಕಿನ್ ಪೆರಿ ಎಂಬವರೊಬ್ಬರು. ಈತನನ್ನು ಕಾಯಿದೆಯ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ಕಳುಹಿಸೋಣ, ಅರ್ಧ ಖರ್ಚು ನನ್ನದು, ಉಳಿದರ್ಧವನ್ನು ಪಾರಸಿ ಹಿರಿಯರು ಕೊಡಲಿ ಎಂದು ಅವರು 1845ರಲ್ಲಿ ಮುಂದೆ ಬಂದರು. ಹಿರಿಯರು ಒಪ್ಪಲಿಲ್ಲ. ಅದರ ಕಾರಣವನ್ನು ಮಿಷನ್ ಶಾಲೆಯವರಾದ ನಾವು ಮುಚ್ಚಿಡಲಾಗದು. ಆರು ವರ್ಷಗಳ ಹಿಂದೆ, 1839ರಲ್ಲಿ, ಬೊಂಬಾಯಿಯ ಮಿಷನ್ ಶಾಲೆಯೊಂದರಲ್ಲಿ ಓದುತ್ತಿದ್ದ ಪಾರಸಿ ಯುವಕರು ಕ್ರೈಸ್ತರಾದದ್ದರಿಂದ ಆ ಸಮಾಜವೆಲ್ಲ ತಲ್ಲಣಿಸಿ ಮೊಕದ್ದಮೆಯವರೆಗೂ ಹೋಗಿತ್ತು. ಇಂಗ್ಲೆಂಡಿಗೆ ಹೋದವನು ಸ್ವಧರ್ಮದಲ್ಲಿಯೇ ಹಿಂದಿರುಗುವನೆಂಬ ಭರವಸೆಯು ಹಿರಿಯರಿಗೆ ಉಂಟಾಗಲಿಲ್ಲ. ಹೀಗೆ ಒಂದು ಬಾಗಿಲು ಮುಚ್ಚಿತು. ದಾದಾಭಾಯಿಯವರು ಬಾರಿಷ್ಟರಾಗುವ ಬದಲು ಉಪಾಧ್ಯಾಯರಾದರು. ಮೂವತ್ತು ವರ್ಷ ತುಂಬುವಷ್ಟರಲ್ಲಿ ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಗಣಿತಕ್ಕೂ ಪ್ರಕೃತಿಶಾಸ್ತ್ರಕ್ಕೂ ಪ್ರಾಧ್ಯಾಪಕರಾದರು. ಭಾರತೀಯನೊಬ್ಬನು ಆ ಪೀಠದಲ್ಲಿ ಕುಳಿತದ್ದು ಅಲ್ಲಿ ಅದೇ ಮೊದಲು.

ಆ ದಿನಗಳಲ್ಲಿ ಅವರು ಮಾಡಿದ ಒಂದು ಕೆಲಸವು ನಮಗೆ ಮಿಕ್ಕೆಲ್ಲಕ್ಕಿಂತ ಹತ್ತಿರವಾದುದು. 1849ರಲ್ಲಿ ಅವರೂ ಅವರ ಸಂಗಡಿಗರೂ ಬೊಂಬಾಯಿಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಕೈಯಲ್ಲಿ ಹಣವಿಲ್ಲ, ಕಟ್ಟಡವಿಲ್ಲ, ಸಂಬಳಕ್ಕೆ ಉಪಾಧ್ಯಾಯರಿಲ್ಲ. ಬೆಳಗಿನ ಹೊತ್ತು ತಮ್ಮ ಉದ್ಯೋಗಕ್ಕೆ ಹೊರಡುವ ಮೊದಲು ಈ ಯುವಕರೇ ಪಾಠ ಹೇಳಿದರು. ಮನೆಮನೆಗೆ ಹೋಗಿ, ನಿಮ್ಮ ಜಗಲಿಯ ಮೇಲೆ ಕುಳಿತು ನಿಮ್ಮ ಕಣ್ಣೆದುರಿಗೇ ನಿಮ್ಮ ಹುಡುಗಿಯರಿಗೆ ಅಕ್ಷರ ಕಲಿಸುತ್ತೇವೆ, ಅಪ್ಪಣೆಯಾಗಲಿ ಎಂದು ಬೇಡಿದರು. ಮೆಟ್ಟಲಿನಿಂದ ಕೆಳಕ್ಕೆ ನೂಕಿಸುವೆವೆಂದು ಗದರಿಸಿದ ತಂದೆಗಳೂ ಇದ್ದರು. ಓದುಬಾರದ ತಾಯಿ ಮಾಣೆಕ್‌ಬಾಯಿಯಾದರೋ ಮಗನಿಗೆ ಬೆಂಬಲವಾಗಿ ನಿಂತರು. ದಾಖಲೆಯ ಕಾಲ ಬಂದಾಗ ಹುಡುಗಿಯರನ್ನು ಕರೆತರಲು ನಮ್ಮ ಉಪಾಧ್ಯಾಯಿನಿಯರು ಹಳ್ಳಿಯ ಬೀದಿಗಳಲ್ಲಿ ತಿರುಗುವಾಗ ಈ ಪ್ರಾಧ್ಯಾಪಕರನ್ನು ನಾವು ನೆನೆಸಿಕೊಳ್ಳುತ್ತೇವೆ.

1855ರಲ್ಲಿ ದಾದಾಭಾಯಿಯವರು ಕಾಮಾ ಎಂಬ ಪಾರಸಿ ಮನೆತನದ ವ್ಯಾಪಾರದಲ್ಲಿ ಪಾಲುಗಾರರಾಗಿ ಲಂಡನ್ನಿಗೆ ಹೋದರು. ಅಫೀಮು ಮದ್ಯಗಳ ವ್ಯಾಪಾರವು ಮನಸ್ಸಿಗೆ ಒಗ್ಗದೆ ಕೆಲವು ವರ್ಷಗಳಲ್ಲಿ ಅದನ್ನು ಬಿಟ್ಟು ತಮ್ಮದೇ ಹತ್ತಿಯ ವ್ಯಾಪಾರವನ್ನು ತೆಗೆದರು. ಅದೂ ಕಡೆಗೆ ಮುಳುಗಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗುಜರಾತಿಯ ಪ್ರಾಧ್ಯಾಪಕರಾಗಿಯೂ ಇದ್ದರು. ವ್ಯಾಪಾರದಲ್ಲಿ ಅವರು ಗಳಿಸಿದ್ದು ಹೆಚ್ಚೇನೂ ಇಲ್ಲ, ಆದರೆ ಒಂದನ್ನು ಕಲಿತರು. ಸರಕು ಹಡಗೇರಿ ಹೋದರೆ ಅದರ ಬೆಲೆಯು ಲಾಭಸಮೇತ ಹಿಂದಕ್ಕೆ ಬರಬೇಕು. ಬೊಂಬಾಯಿಯ ಯಾವ ಅಂಗಡಿಯವನನ್ನು ಕೇಳಿದರೂ ಇದನ್ನು ಹೇಳುವನು. ಭಾರತದಿಂದ ವರ್ಷ ವರ್ಷವೂ ಹತ್ತಿ, ಧಾನ್ಯ, ನೀಲಿ, ಸೆಣಬು ಹೊರಕ್ಕೆ ಹೋಗುತ್ತಿದ್ದವು. ಹೋದಷ್ಟು ಹಿಂದಕ್ಕೆ ಬರುತ್ತಿರಲಿಲ್ಲ. ಉಳಿದದ್ದು ಎಲ್ಲಿ?

ಈ ಪ್ರಶ್ನೆಯನ್ನು ಅವರು 1867ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಮೊದಲು ಎತ್ತಿದರು. ಉತ್ತರವನ್ನು ಒಂದು ಸಂಸಾರದ ಹೋಲಿಕೆಯಿಂದ ಹೇಳುವುದು ಸುಲಭ. ಒಂದು ಊರಿನ ಜಮೀನನ್ನು ಪರಸ್ಥಳದ ಪಾರುಪತ್ಯಗಾರನೊಬ್ಬನು ನೋಡಿಕೊಳ್ಳುತ್ತಾನೆಂದು ಇಟ್ಟುಕೊಳ್ಳೋಣ. ಅವನ ಸಂಬಳವನ್ನು ರೈತರು ಕೊಡುತ್ತಾರೆ. ಅವನು ಅದರ ದೊಡ್ಡ ಪಾಲನ್ನು ತನ್ನ ಊರಿನ ಮನೆಗೆ ಕಳುಹಿಸುತ್ತಾನೆ. ಕೆಲಸ ಬಿಟ್ಟು ಹೋದಮೇಲೆ ಸಾಯುವವರೆಗೆ ವಿಶ್ರಾಂತಿವೇತನವನ್ನೂ ಆ ರೈತರೇ ಕೊಡಬೇಕು. ಅವನ ಕಚೇರಿಯ ಕಾಗದ ಮಸಿಗಳು ಅವನ ಊರಿನಲ್ಲಿಯೇ ಕ್ರಯಕ್ಕೆ ಕೊಳ್ಳಲ್ಪಡುತ್ತವೆ. ಅವನ ನೆಂಟರು ಇಲ್ಲಿ ಹಾಕಿದ ಬಂಡವಾಳಕ್ಕೆ ಲಾಭ ಬಂದರೂ ಬಾರದಿದ್ದರೂ ಬಡ್ಡಿ ಸಲ್ಲಲೇಬೇಕು. ಅವನು ನೆರೆಯವರೊಡನೆ ಹೂಡಿದ ಜಗಳದ ಖರ್ಚೂ ಊರಿನ ಲೆಕ್ಕಕ್ಕೇ ಬೀಳುತ್ತದೆ. ಇದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಲಂಡನ್ನಿನ ಇಂಡಿಯಾ ಕಚೇರಿಯ ಖರ್ಚು, ಅಧಿಕಾರಿಗಳ ಮತ್ತು ಸೈನ್ಯದವರ ವಿಶ್ರಾಂತಿವೇತನ, ರೈಲ್ವೆ ಕಂಪೆನಿಗಳಿಗೆ ಸರಕಾರವು ಖಾತರಿ ಕೊಟ್ಟಿದ್ದ ನೂರಕ್ಕೆ ಐದರ ಬಡ್ಡಿ, ಹೊರದೇಶದ ಯುದ್ಧಗಳ ಒಂದು ಭಾಗ, ಇವೆಲ್ಲವೂ ಭಾರತದ ಕಂದಾಯದಿಂದಲೇ ಹೋಗುತ್ತಿದ್ದವು. ಇಲ್ಲಿ ಕೂಡಿದ ಕಂದಾಯದಲ್ಲಿ ಸುಮಾರು ಕಾಲು ಪಾಲು ದೇಶವನ್ನು ಬಿಟ್ಟು ಹೋಗುತ್ತದೆಂದು ಅವರು ಎಣಿಸಿದರು. ಸಂಪತ್ತಿನ ಈ ಸೋರಿಕೆಯ ಮಾತು ಅಂದಿನಿಂದ ಅವರ ಹೆಸರಿಗೆ ಅಂಟಿಕೊಂಡಿತು.

ಹೊಗಳಬೇಕಾದುದನ್ನು ಅವರು ಹೊಗಳದೆ ಬಿಡಲಿಲ್ಲ. ಸಹಗಮನ ಶಿಶುಹತ್ಯೆಗಳ ನಿಷೇಧ, ಶಾಂತಿ, ಮುದ್ರಣಸ್ವಾತಂತ್ರ್ಯ, ಇಂಗ್ಲಿಷ್ ವಿದ್ಯೆ, ಇವೆಲ್ಲವನ್ನೂ ಜಮೆಯ ಕಡೆಗೆ ತಮ್ಮ ಕೈಯಾರೆ ಬರೆದರು. ಹಿಂದೆ ಶಾಲೆಗಳಲ್ಲಿ ನಡೆಯುತ್ತಿದ್ದ ಚರಿತ್ರೆಯ ಪುಸ್ತಕಗಳ ಕಡೆಯ ಪಾಠದಲ್ಲಿ ಬ್ರಿಟಿಷ್ ಆಳಿಕೆಯಿಂದಾದ ಪ್ರಯೋಜನಗಳ ಪಟ್ಟಿಯೊಂದು ಇರುತ್ತಿತ್ತು. ದಾದಾಭಾಯಿಯವರ ಜಮೆಯೂ ಬಹುಮಟ್ಟಿಗೆ ಅದೇ. ಶಾಲೆಯ ಪುಸ್ತಕಗಳು ಜಮೆಯ ಪುಟವನ್ನು ಬರೆದು ಖರ್ಚಿನ ಪುಟವನ್ನು ತಿರುವಿ ನೋಡಲಿಲ್ಲ.

1876ರಲ್ಲಿ ಅವರು ಬೊಂಬಾಯಿಯಲ್ಲಿ ಭಾರತದ ಬಡತನವನ್ನು ಕುರಿತ ತಮ್ಮ ದೊಡ್ಡ ಪ್ರಬಂಧವನ್ನು ಓದಿದರು. ಸರಕಾರವು ಅಚ್ಚುಹಾಕಿದ ವರದಿಗಳಿಂದಲೇ ಅಂಕಿಗಳನ್ನು ತೆಗೆದು, ಪ್ರಾಂತಪ್ರಾಂತದ ಸಾಗುವಳಿ, ಎಕರೆಯ ಇಳುವರಿ, ಧಾರಣೆಗಳನ್ನು ಗುಣಿಸುತ್ತ ಹೋದರು. ಅಧಿಕಾರಿಗಳು ಸರಾಸರಿ ತೆಗೆಯುತ್ತಿದ್ದ ಕ್ರಮವೇ ತಪ್ಪೆಂದು ಆಗ ಅವರಿಗೆ ತಿಳಿಯಿತು. ನಮ್ಮ ಏಳನೆಯ ತರಗತಿಯ ಹುಡುಗಿಗೂ ತಿಳಿಯುವಂತೆ ಅದನ್ನು ಹೇಳಬಹುದು. ಒಂದು ಕಡೆ 10 ಎಕರೆ, ಎಕರೆಗೆ 12 ಮಣ. ಇನ್ನೊಂದು ಕಡೆ 100 ಎಕರೆ, ಎಕರೆಗೆ 2 ಮಣ. ಹನ್ನೆರಡನ್ನೂ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ 7 ಮಣವೆಂದು ವರದಿಯಲ್ಲಿ ಬರೆದರೆ ದೇಶವು ಸುಭಿಕ್ಷವಾಗಿ ಕಾಣುತ್ತದೆ. ನಿಜವಾಗಿ ಎಕರೆಗೆ ಬಿದ್ದುದು 3 ಮಣಕ್ಕೂ ಕಡಮೆ. ಇಂಥವನ್ನೆಲ್ಲ ತಿದ್ದಿ, 1867ರಿಂದ 1870ರವರೆಗಿನ ಕಾಲಕ್ಕೆ ಒಬ್ಬೊಬ್ಬ ಭಾರತೀಯನ ವಾರ್ಷಿಕ ಉತ್ಪತ್ತಿಯು 20 ರೂಪಾಯಿ ಎಂದು ಅವರು ನಿರ್ಣಯಿಸಿದರು.

ಇಪ್ಪತ್ತು ರೂಪಾಯಿ ಸಾಕೋ ಸಾಲದೋ ಎಂಬುದಕ್ಕೆ ಅವರು ಹಿಡಿದ ಅಳತೆಗೋಲು ಬಹು ಚಮತ್ಕಾರವಾದುದು. ಹೊರದೇಶಗಳಿಗೆ ಕೂಲಿಗೆ ಹೋಗುವವರಿಗೆ ಸರಕಾರವೇ ಗೊತ್ತುಮಾಡಿದ್ದ ಆಹಾರದ ಪಟ್ಟಿಯನ್ನೂ ಸೆರೆಮನೆಗಳಲ್ಲಿ ಕೈದಿಯ ಅನ್ನವಸ್ತ್ರಗಳಿಗೆ ಆಗುತ್ತಿದ್ದ ಖರ್ಚನ್ನೂ ತೆಗೆದುಕೊಂಡು, ಮನುಷ್ಯನೊಬ್ಬನು ಬದುಕಿರಲು ವರ್ಷಕ್ಕೆ ಸುಮಾರು 34 ರೂಪಾಯಿ ಬೇಕೆಂದು ತೋರಿಸಿದರು. ಕಳವು ಮಾಡಿ ಸೆರೆಗೆ ಹೋದವನು ಉಣ್ಣುವಷ್ಟನ್ನು ಹೊಲ ಉತ್ತವನು ಉಣ್ಣುತ್ತಿರಲಿಲ್ಲ. ಅದೂ ಅಲ್ಲದೆ ಆ ಇಪ್ಪತ್ತು ಸರಾಸರಿ ಮಾತ್ರ. ಸಾಹುಕಾರನ ಪಾಲೂ ಸರಕಾರದ ಪಾಲೂ ಅದರಲ್ಲಿಯೇ ಸೇರಿರುವುದರಿಂದ ಕೂಲಿಯವನಿಗೆ ಉಳಿಯುವುದು ಇನ್ನೂ ಕಡಮೆ.

ಪ್ರಬಂಧವನ್ನು ಓದಿದ ವರ್ಷವೇ ದಖ್ಖಣದಲ್ಲಿ ಮಳೆ ಹೋಯಿತು. ನಮ್ಮ ಸೀಮೆಯ ವೃದ್ಧರು ಧಾತು ಈಶ್ವರ ಬರವೆಂದು ಹೇಳುತ್ತಿದ್ದುದು ಇದೇ. 1871ರಲ್ಲಿ 50 ಲಕ್ಷಕ್ಕೆ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ಬಳ್ಳಾರಿ ಜಿಲ್ಲೆಯ ದುರವಸ್ಥೆಯೂ ಹೇಳತೀರದು. ಬಳ್ಳಾರಿ ಸೇರಿದ್ದ ಮದರಾಸು ಪ್ರಾಂತದಲ್ಲಿ ಬರಪರಿಹಾರದ ಕಾಮಗಾರಿಗಳ ಮೇಲಿನ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಸ್ವಲ್ಪ ಕಾಸೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು 1877ರಲ್ಲಿ ಕಟ್ಟಳೆಮಾಡಿದನು. ಅದು ಸೆರೆಮನೆಯ ಕೈದಿಯ ಪಡಿಗಿಂತಲೂ ಕಡಮೆ. ವೈದ್ಯರು ಆಕ್ಷೇಪಿಸಿದಮೇಲೆ ಕೆಲವು ತಿಂಗಳಲ್ಲಿ ಅದನ್ನು ಹೆಚ್ಚಿಸಬೇಕಾಯಿತು. ಆ ವರ್ಷಗಳಲ್ಲಿಯೂ ಧಾನ್ಯವು ಹಡಗೇರುವುದು ನಿಲ್ಲಲಿಲ್ಲ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗುತ್ತದೆ. ನಮ್ಮ ಸೀಮೆಯ ಎಷ್ಟೋ ಮಿಷನ್ ಅನಾಥಶಾಲೆಗಳು ತುಂಬಿದ್ದು ಆ ಬರದ ಮಕ್ಕಳಿಂದಲೇ. ಈ ಸಂಚಿಕೆಯನ್ನು ಓದುವವರಲ್ಲಿ ಕೆಲವರ ಅಜ್ಜಿಯ ಅಜ್ಜಿಯು ದಾರಿಯ ಬದಿಯಲ್ಲಿ ಸಿಕ್ಕಿದ ಅಂಥ ಮಗುವಾಗಿದ್ದಿರಬಹುದು. ಆ ಮಕ್ಕಳನ್ನು ಎತ್ತಿಕೊಂಡು ಗಂಜಿ ಕುಡಿಸಿ ಅಕ್ಷರ ಕಲಿಸಿದ ಮಿಸ್ಸಮ್ಮನವರ ಋಣವನ್ನು ನಾವು ಯಾವ ಕಾಲಕ್ಕೂ ಮರೆಯತಕ್ಕವರಲ್ಲ. ಆದರೆ ಮಳೆ ಬಾರದ್ದರಿಂದ ಬರ ಬಂದಿತೆಂದು ಹೇಳಿ ನಮ್ಮ ಮನೆಗಳಲ್ಲಿ ಆ ಕಥೆಯನ್ನು ಮುಗಿಸಿಬಿಡುವುದುಂಟು. ದಾದಾಭಾಯಿಯವರ ಪ್ರಶ್ನೆಯು ಅದರಿಂದ ಮುಂದಿನದು. ಮಳೆಯು ಹಿಂದೆಯೂ ತಪ್ಪಿತ್ತು. ಒಂದೆರಡು ವರ್ಷ ಮಳೆ ತಪ್ಪಿದ ಮಾತ್ರಕ್ಕೆ ಸಾಯುವಷ್ಟು ಬರಿದಾಗಿ ರೈತನ ಹಗೇವು ಇದ್ದದ್ದೇಕೆ? ಮಗುವನ್ನು ಉಳಿಸಿದ ಕೈಗಳನ್ನೂ ಮಗುವಿನ ಮನೆಯನ್ನು ಬರಿದುಮಾಡಿದ ಆಡಳಿತವನ್ನೂ ಒಂದೇ ಸಮುದ್ರದ ಆಚೆಯಿಂದ ಬಂದವೆಂಬ ಕಾರಣಕ್ಕೆ ಒಂದೆಂದು ಎಣಿಸಬೇಕಾಗಿಲ್ಲ. ಹಾಗೆಯೇ ಮೊದಲನೆಯದರ ಉಪಕಾರಕ್ಕಾಗಿ ಎರಡನೆಯದರ ಲೆಕ್ಕವನ್ನು ಕೇಳದೆ ಬಿಡಬೇಕಾಗಿಯೂ ಇಲ್ಲ.

ಹಣದ ಸೋರಿಕೆಗಿಂತಲೂ ಕೆಟ್ಟದ್ದು ಇನ್ನೊಂದಿದೆಯೆಂದು ಅವರು 1880ರಲ್ಲಿ ಬರೆದರು. ದೊಡ್ಡ ಕೆಲಸಗಳೆಲ್ಲ ಆಂಗ್ಲೇಯರ ಕೈಯಲ್ಲಿದ್ದವು. ಮೂವತ್ತು ವರ್ಷ ಈ ದೇಶವನ್ನು ಆಳಿ ಅನುಭವ ಪಡೆದ ಅಧಿಕಾರಿಯು ಆ ಅನುಭವದೊಡನೆ ಹಡಗು ಹತ್ತಿ ಹೊರಟುಹೋಗುವನು. ಆ ಸ್ಥಳದಲ್ಲಿ ಕುಳಿತು ಕಲಿಯಬೇಕಾಗಿದ್ದ ಭಾರತೀಯನು ಕಲಿಯದೆ ಮುದುಕನಾಗುವನು. ಕಲಿಯಲಿಲ್ಲವೆಂಬುದೇ ಅವನಿಗೆ ಕೆಲಸ ಕೊಡದಿರಲು ಕಾರಣವಾಗುವುದು. ಬೋಧಕರ ಕಸುಬಿನಲ್ಲಿರುವ ನಮಗೆ ಈ ಮಾತು ಚುಚ್ಚುವಷ್ಟು ಬೇರಾವುದೂ ಚುಚ್ಚುವುದಿಲ್ಲ. ನಮ್ಮಂಥ ಶಾಲೆಗಳಲ್ಲಿಯೂ ಈ ದೇಶದ ಹೆಂಗಸು ಮುಖ್ಯೋಪಾಧ್ಯಾಯಿನಿಯಾಗಲು ಬಹುಕಾಲ ಕಾಯಬೇಕಾಯಿತೆಂಬುದನ್ನು ಹಳೆಯ ವಿದ್ಯಾರ್ಥಿನಿಯರು ಬಲ್ಲರು.

ಅಧಿಕಾರಿಗಳು ಸುಮ್ಮನಿರಲಿಲ್ಲ. 1882ರಲ್ಲಿ ತಮ್ಮ ಲೆಕ್ಕ ಹಾಕಿ ತಲೆಗೆ 27 ರೂಪಾಯಿ ಎಂದರು. 1901ರಲ್ಲಿ ಕರ್ಜನ್ ಪ್ರಭುವು 30 ಎಂದನು. ದಾದಾಭಾಯಿಯವರ ಅಂಕಿಗಳಲ್ಲಿ ಕೊರತೆಗಳಿಲ್ಲವೆಂದು ನಾವು ವಾದಿಸುವುದಿಲ್ಲ. ಸೋರಿಕೆಯ ಪ್ರಮಾಣವೆಷ್ಟೆಂದು ಅರ್ಥಶಾಸ್ತ್ರಜ್ಞರು ಇಂದಿಗೂ ಚರ್ಚಿಸುತ್ತಾರೆ. ಆದರೆ ಸರಕಾರದವರ 27ನ್ನೇ ಒಪ್ಪಿದರೂ ಅದು ಕೈದಿಯ 34ಕ್ಕೆ ಸಮನಾಗುವುದಿಲ್ಲವಷ್ಟೆ.

ಬರೋಡೆಯಲ್ಲಿ 1874ರಲ್ಲಿ ಅವರು ಅಲ್ಪಕಾಲ ದಿವಾನರಾಗಿದ್ದರು. ರಾಜನ ಆಸ್ಥಾನದ ಒಳಸಂಚುಗಳಿಂದಲೂ ರೆಸಿಡೆಂಟನ ವಿರೋಧದಿಂದಲೂ ಬೇಸತ್ತು ಮರುವರ್ಷವೇ ಬಿಟ್ಟುಬಂದರು. 1885ರಲ್ಲಿ ಕಾಂಗ್ರೆಸ್ ಮಹಾಸಭೆಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದರು. 1886, 1893, 1906 ಹೀಗೆ ಮೂರು ಸಾರಿ ಅದರ ಅಧ್ಯಕ್ಷರಾದರು. ಇಂಗ್ಲೆಂಡಿನ ಜನರು ನ್ಯಾಯವಂತರು, ಅವರಿಗೆ ವಿಷಯ ತಿಳಿಯದು, ತಿಳಿಸಿದರೆ ಸರಿಮಾಡುವರು ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ತಿಳಿಸುವುದಕ್ಕೆ ತಕ್ಕ ಸ್ಥಳ ಪಾರ್ಲಿಮೆಂಟು. 1886ರಲ್ಲಿ ಚುನಾವಣೆಗೆ ನಿಂತು ಸೋತರು. ಆಂಗ್ಲ ಮತದಾರರು ಕರಿಯನೊಬ್ಬನನ್ನು ಆರಿಸುವ ಕಾಲ ಬಂದಿಲ್ಲವೆಂದು ಪ್ರಧಾನಮಂತ್ರಿಯಾದ ಸಾಲ್ಸ್‌ಬರಿ ಪ್ರಭುವು 1888ರಲ್ಲಿ ಸಭೆಯಲ್ಲಿ ಹಂಗಿಸಿದನು. ಅದುವರೆಗೆ ದಾದಾಭಾಯಿಯವರ ಹೆಸರನ್ನೇ ಕೇಳದಿದ್ದವರೂ ಆ ಮಾತಿನಿಂದ ಅವರನ್ನು ಅರಿತರು! 1892ರಲ್ಲಿ ಲಂಡನ್ನಿನ ಮಧ್ಯ ಫಿನ್ಸ್‌ಬರಿ ಕ್ಷೇತ್ರದಿಂದ ಅವರು ಗೆದ್ದರು. ಗೆಲವಿನ ಅಂತರ ಐದು ಮತ. ಮರಳಿ ಎಣಿಸಿದಾಗ ಮೂರಕ್ಕೆ ಇಳಿಯಿತು. ಲೆಕ್ಕದ ಮೇಷ್ಟರಿಗೆ ಅಷ್ಟೇ ಸಾಕಾಯಿತು. ಹೆಂಗಸರಿಗೆ ಮತಾಧಿಕಾರವಿರಬೇಕೆಂದೂ ಐರ್ಲೆಂಡಿಗೆ ಸ್ವರಾಜ್ಯವಿರಬೇಕೆಂದೂ ಹೇಳುತ್ತಿದ್ದ ಈ ಅಭ್ಯರ್ಥಿಗೆ ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರೂ ಬೆಂಬಲವಿತ್ತಿದ್ದರು.

ಮೂರು ವರ್ಷದ ಆ ಸದಸ್ಯತ್ವದಿಂದ ಫಲವೇನಾಯಿತು? ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಲಂಡನ್ನಿನಲ್ಲಿ ನಡೆಸುವಂತೆಯೇ ಏಕಕಾಲದಲ್ಲಿ ಭಾರತದಲ್ಲಿಯೂ ನಡೆಸಬೇಕೆಂದು ಕಾಮನ್ಸ್ ಸಭೆಯು 1893ರಲ್ಲಿ ನಿರ್ಣಯಿಸಿತು. ನಿರ್ಣಯವು ಕಾಗದದಲ್ಲಿಯೇ ಉಳಿಯಿತು; ಪರೀಕ್ಷೆಯು ಭಾರತಕ್ಕೆ ಬಂದದ್ದು 1922ರಲ್ಲಿ. ಭಾರತದ ಖರ್ಚುವೆಚ್ಚಗಳ ವಿಚಾರಣೆಗೆ 1895ರಲ್ಲಿ ನೇಮಿಸಿದ ರಾಜನಿಯೋಗದಲ್ಲಿ ಅವರು ಸದಸ್ಯರೂ ಆದರು, ಸಾಕ್ಷಿಯೂ ಆದರು. ಅದೇ ವರ್ಷ ಚುನಾವಣೆಯಲ್ಲಿ ಸೋತರು. ನ್ಯಾಯಾಧಿಪತಿಯ ಬಾಗಿಲಿಗೆ ಬಿಡದೆ ಬಂದು ಮೊರೆಯಿಟ್ಟ ಸುವಾರ್ತೆಯ ವಿಧವೆಯಂತೆ ಅವರು ಅದೇ ಅಂಕಿಗಳನ್ನು ಹಿಡಿದು ಅದೇ ಬಾಗಿಲನ್ನು ತಟ್ಟಿದರು. ಆ ವಿಧವೆಗಾದರೂ ತೀರ್ಪು ಸಿಕ್ಕಿತು. 1901ರಲ್ಲಿ ಎಲ್ಲ ಬರಹಗಳನ್ನೂ ಒಂದು ದೊಡ್ಡ ಪುಸ್ತಕವಾಗಿ ಅಚ್ಚುಹಾಕಿಸಿದರು. ಈ ಆಳಿಕೆಯು ಬ್ರಿಟಿಷರ ಸ್ವಭಾವಕ್ಕೆ ತಕ್ಕದ್ದಲ್ಲವೆಂಬ ಅರ್ಥವು ಅದರ ಹೆಸರಿನಲ್ಲಿಯೇ ಇದೆ. ಎಪ್ಪತ್ತಾರನೆಯ ವಯಸ್ಸಿನಲ್ಲಿಯೂ ನಂಬಿಕೆಯು ಪೂರ್ತಿ ಬಿಟ್ಟುಹೋಗಿರಲಿಲ್ಲ.

1904ರಲ್ಲಿ ಆಮ್‌ಸ್ಟರ್‌ಡಾಮಿನ ಸಮಾಜವಾದಿಗಳ ಸಮ್ಮೇಳನದಲ್ಲಿ ಅವರು ವೇದಿಕೆಗೆ ಬಂದಾಗ ನಾನಾ ದೇಶಗಳ ಪ್ರತಿನಿಧಿಗಳು ಎದ್ದು ಮೌನವಾಗಿ ನಿಂತರು. 1906ರ ಕಲ್ಕತ್ತೆಯ ಕಾಂಗ್ರೆಸ್ಸಿನಲ್ಲಿ ಅವರ ಧ್ವನಿ ಕುಂದಿತ್ತು. ಭಾಷಣವನ್ನು ಗೋಖಲೆಯವರು ಓದಿದರು. ನಮಗೆ ಬೇಕಾದದ್ದು ಸ್ವರಾಜ್ಯವೆಂಬ ಮಾತು ಆ ಪೀಠದಿಂದ ಅಂದು ಹೊರಟಿತು. ಅರ್ಜಿ ಬರೆಯುವ ಮುದುಕನೆಂದು ಅವರನ್ನು ಹಾಸ್ಯಮಾಡುವ ಯುವಕರು ಆಗ ಬಹಳ ಮಂದಿ. ಇಂಥವರನ್ನು ಗಾಂಧೀಜಿಯವರು 1909ರ ಹಿಂದ್ ಸ್ವರಾಜ್‌ನಲ್ಲಿ ಖಂಡಿಸಿ, ಈ ಹಿರಿಯರು ನೆಲವನ್ನು ಹದಮಾಡದಿದ್ದರೆ ಸ್ವರಾಜ್ಯದ ಮಾತನ್ನಾಡುವುದೂ ಆಗುತ್ತಿರಲಿಲ್ಲವೆಂಬ ಅಭಿಪ್ರಾಯವನ್ನು ಕೊಟ್ಟಿದ್ದಾರೆ. ನಮ್ಮ ಅಭಿಪ್ರಾಯವೂ ಅದೇ. ಆಳುವವರಿಂದ ಅವರಿಗೆ ಸಿಕ್ಕಿದ್ದು ಕಡಮೆ. ಆಳಿಸಿಕೊಳ್ಳುವವರಿಗೆ ಕೊಟ್ಟದ್ದು ಬಹಳ. ಬಡತನವು ಹಣೆಯಬರಹವೆಂದೂ ಸೋಮಾರಿತನದ ಫಲವೆಂದೂ ಕೇಳಿ ಕೇಳಿ ತಲೆತಗ್ಗಿಸಿದ್ದ ಜನರಿಗೆ, ಅದಕ್ಕೆ ಮನುಷ್ಯರು ಮಾಡಿದ ಕಾರಣಗಳಿವೆಯೆಂದೂ ಆ ಕಾರಣಗಳನ್ನು ಎಣಿಸಬಹುದೆಂದೂ ಅವರು ತಿಳಿಸಿದರು.

ಸೋರಿಹೋದದ್ದು ಏನಾಗಬಹುದಾಗಿತ್ತೆಂದು ಹೇಳಲು ನಮಗೆ ಒಂದು ಅಂಕಿಯೇ ಸಾಕು. ಆಂಗ್ಲೇಯರು ಹೋದ ನಾಲ್ಕು ವರ್ಷಕ್ಕೆ, 1951ರಲ್ಲಿ, ಸ್ವತಂತ್ರ ಭಾರತವು ಮೊದಲ ಸಾರಿ ಜನಗಣತಿ ಮಾಡಿದಾಗ ಓದಬಲ್ಲ ಹೆಂಗಸರು ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. ಬೊಂಬಾಯಿಯ ಜಗಲಿಗಳ ಮೇಲೆ ಆ ಯುವಕರು ಅಕ್ಷರ ಕಲಿಸತೊಡಗಿ ಆಗ ನೂರೆರಡು ವರ್ಷಗಳಾಗಿದ್ದವು. ಇದೆಲ್ಲವೂ ದೊರೆತನದ ದೋಷವೆಂದು ಹೇಳುವುದು ಅನ್ಯಾಯ. ಮೆಟ್ಟಲಿನಿಂದ ನೂಕಿಸುವೆವೆಂದ ತಂದೆಗಳೂ ನಮ್ಮವರೇ. ಆದರೆ ಶಾಲೆಗೆ ಹಣವಿಲ್ಲವೆಂಬ ಉತ್ತರವನ್ನು ನೂರು ವರ್ಷ ಕೊಟ್ಟವರು ದೊರೆಗಳು.

1907ರಲ್ಲಿ ದಾದಾಭಾಯಿಯವರು ಇಂಗ್ಲೆಂಡನ್ನು ಬಿಟ್ಟುಬಂದು ಬೊಂಬಾಯಿಯ ಬಳಿಯ ವರ್ಸೋವಾ ಎಂಬ ಕಡಲದಂಡೆಯ ಗ್ರಾಮದಲ್ಲಿ ನೆಲೆಸಿದರು. ಏಕಮಾತ್ರ ಪುತ್ರರಾದ ವೈದ್ಯ ಅರ್ದೇಶಿರರು 1893ರಲ್ಲಿಯೇ ಗತಿಸಿದ್ದರು. 1917ನೆಯ ಇಸವಿ ಜೂನ್ 30ನೆಯ ತಾರೀಖಿನಲ್ಲಿ, ತೊಂಬತ್ತೆರಡಕ್ಕೆ ಎರಡು ತಿಂಗಳಿರುವಾಗ, ಅವರು ದೇಹವನ್ನು ಬಿಟ್ಟರು.

ಮೊಮ್ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಗಾಂಧೀಜಿಯವರ ಚಳವಳಿಗೆ ಸೇರಿದರು. ಉಪ್ಪಿನ ತೆರಿಗೆಯ ವಿಷಯವಾಗಿ ತಾತನು ಬರೆದು ಬರೆದು ಸೋತಿದ್ದನಷ್ಟೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕಿಳಿದು ಪೆರೀನರು ಸೆರೆಮನೆಗೆ ಹೋದರು. ಸಂಗೀತವನ್ನು ಕಲಿಯಲು ಯೂರೋಪಿಗೆ ಹೋಗಿದ್ದ ಖುರ್ಷೇದರು ಅದನ್ನು ಬಿಟ್ಟುಬಂದು ವಾಯವ್ಯ ಗಡಿನಾಡಿನ ಪಠಾಣರ ನಡುವೆ ಅಹಿಂಸೆಯನ್ನು ಬೋಧಿಸುತ್ತ ತಿರುಗಿದರು; ಅವರಿಗೂ ಸೆರೆಯಾಯಿತು. ಗೋಶಿಯವರು ಬೊಂಬಾಯಿಯಲ್ಲಿಯೇ ಇದ್ದು ಹೆಂಗಸರ ನಡುವೆ ಕೆಲಸಮಾಡಿದರು. ಪೆರೀನ್ ಅಮ್ಮನವರಿಗೆ 1954ರಲ್ಲಿ, ಪದ್ಮಶ್ರೀ ಬಿರುದನ್ನು ಕೊಡಲಾರಂಭಿಸಿದ ಮೊದಲ ವರ್ಷವೇ, ಆ ಗೌರವ ಸಂದಿತು. ಆಕೆ 1958ರಲ್ಲಿ ತೀರಿಕೊಂಡರು.